ರಕ್ತದಲ್ಲೊಂದು ಪಾಠಾಂತರ

“ಹುಟ್ಟುಗುಣ ಸುಟ್ಟರೂ ಹೋಗದು” ಎಂದು ನಮ್ಮ ಹಿರಿಯರು ಹೇಳಿಟ್ಟಿದ್ದಾರೆ. “ನೂಲಿನಂತೆ ಸೀರೆ, ತಾಯಿಯಂತೆ ಮಗಳು” ಎಂಬುದೂ ಅವರದೇ ಮಾತು. ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ನೆರೆದ ಹೆಂಗಸರು ಅದರ ಮುಖವನ್ನು ದಿಟ್ಟಿಸಿ, ಮೂಗು ಸೋದರಮಾವನದು, ಹಣೆ ಅಜ್ಜಿಯದು, ಹಟವೊಂದು ಮಾತ್ರ ಅಪ್ಪನದೇ ಎಂದು ಪಾಲು ಹಂಚುವುದನ್ನು ಕೇಳದವರು ಯಾರು? ಮನೆಯ ಆಸ್ತಿ ಮುಂದೆ ಹೇಗೆ ಹಂಚಿಹೋಗುವುದೋ ಕಾಣೆವು. ಮುಖದ ಆಸ್ತಿಯಂತೂ ಅಂದೇ ಹಂಚಿಹೋಗುತ್ತದೆ.

ಈ ಮಾತುಗಳಲ್ಲಿ ತಲೆಮಾರುಗಳ ಅನುಭವವಿದೆ. ಆದರೆ ಅನುಭವದ ಬೆನ್ನಿಗೇ ಒಂದು ತೀರ್ಪೂ ಬಂದು ಕುಳಿತಿದೆ. ಹುಟ್ಟಿನಿಂದ ಬಂದದ್ದು ಬಿಡದು, ಅದನ್ನು ತಿದ್ದಲಾಗದು, ಒಳ್ಳೆಯದಾದರೆ ಎಲ್ಲೆಲ್ಲಿಯೂ ಒಳ್ಳೆಯದು, ಕೆಟ್ಟದ್ದಾದರೆ ಎಂದೆಂದಿಗೂ ಕೆಟ್ಟದ್ದು ಎಂಬ ತೀರ್ಪು ಅದು. ಹೆಣ್ಣು ಕೊಡುವಾಗ, ತರುವಾಗ “ಮನೆತನದ ರಕ್ತ ಎಂಥದು?” ಎಂದು ಕೇಳುವ ನಮ್ಮ ವಾಡಿಕೆಯ ಹಿಂದೆ ಇರುವುದೂ ಇದೇ ತೀರ್ಪು. ಇದು ಎಷ್ಟರಮಟ್ಟಿಗೆ ನಿಜ?

ಇದನ್ನು ಪರೀಕ್ಷಿಸಬೇಕಾದರೆ ಹತ್ತಾರು ಗುಣಗಳನ್ನು ಮೇಲೆ ಮೇಲೆ ನೋಡುವುದಕ್ಕಿಂತ ಒಂದೇ ಗುಣವನ್ನು ಹಿಡಿದು ಬುಡದವರೆಗೆ ಹೋಗುವುದು ಲೇಸು. ಅಂಥದೊಂದು ಗುಣದ ಜಾಡನ್ನು ವಿಜ್ಞಾನಿಗಳು ನೂರು ವರ್ಷಗಳಿಗೂ ಹೆಚ್ಚು ಕಾಲ ಹಿಡಿದು ನಡೆದಿದ್ದಾರೆ. ಅದು ಮೂಗಿನದಲ್ಲ, ಹಣೆಯದಲ್ಲ. ಬರಿಗಣ್ಣಿಗೆ ಕಾಣದ ರಕ್ತಕಣದ್ದು. “ಮನೆತನದ ರಕ್ತ” ಎಂಬ ಮಾತಿಗೆ ಅಕ್ಷರಶಃ ಅರ್ಥವುಂಟಾದರೆ ಅದು ಇಲ್ಲಿಯೇ ಇರಬೇಕು.

ಕುಡುಗೋಲಿನಂಥ ಕಣಗಳು

1904ರಲ್ಲಿ ವೆಸ್ಟ್ ಇಂಡೀಸಿನ ಗ್ರೆನಡಾ ದ್ವೀಪದಿಂದ ಇಪ್ಪತ್ತರ ಹರೆಯದ ತರುಣನೊಬ್ಬನು ದಂತವೈದ್ಯವನ್ನು ಕಲಿಯಲೆಂದು ಅಮೆರಿಕದ ಚಿಕಾಗೋ ನಗರಕ್ಕೆ ಬಂದನು. ಬಂದ ಕೆಲವೇ ತಿಂಗಳಲ್ಲಿ ಕಾಯಿಲೆ ಬಿದ್ದು ಆಸ್ಪತ್ರೆ ಸೇರಬೇಕಾಯಿತು. ಅಲ್ಲಿ ಅರ್ನೆಸ್ಟ್ ಐರನ್ಸ್ ಎಂಬ ಕಿರಿಯ ವೈದ್ಯನು ಆ ತರುಣನ ರಕ್ತದ ಹನಿಯೊಂದನ್ನು ಸೂಕ್ಷ್ಮದರ್ಶಕದಡಿಯಲ್ಲಿಟ್ಟು ನೋಡಿ ಬೆರಗಾದನು. ನಡುವೆ ತಗ್ಗಾದ ದುಂಡು ಬಿಲ್ಲೆಗಳಂತೆ ಇರಬೇಕಾದ ಕೆಂಪು ಕಣಗಳ ನಡುವೆ ಉದ್ದಕ್ಕೆ ಎಳೆದು ಬಾಗಿಸಿದಂಥ, ಕುಯ್ಲಿನ ಕುಡುಗೋಲನ್ನು ಹೋಲುವ ಕಣಗಳು ಎಷ್ಟೋ ಇದ್ದುವು. ಅವನ ಹಿರಿಯ ವೈದ್ಯನಾದ ಜೇಮ್ಸ್ ಹೆರಿಕನು ಆ ರೋಗಿಯನ್ನು ಕೆಲವು ವರ್ಷ ಗಮನಿಸಿ, 1910ರಲ್ಲಿ ಈ ವಿಚಿತ್ರವನ್ನು ಲೋಕಕ್ಕೆ ತಿಳಿಸಿದನು. ತರುಣನು ವಿದ್ಯಾಭ್ಯಾಸವನ್ನು ಮುಗಿಸಿ, ತನ್ನ ದ್ವೀಪಕ್ಕೆ ಹಿಂದಿರುಗಿ, ವೃತ್ತಿಯನ್ನು ನಡೆಸುತ್ತಿದ್ದು, 1916ರಲ್ಲಿ ಮೂವತ್ತೆರಡನೆಯ ವಯಸ್ಸಿನಲ್ಲಿ ತೀರಿಕೊಂಡನು.

ಇಂದು ಈ ರೋಗಕ್ಕೆ ‘ಸಿಕಲ್ ಸೆಲ್’ ರಕ್ತಹೀನತೆ ಎಂಬ ಹೆಸರಿದೆ. ಕುಡುಗೋಲು ಕಣದ ರೋಗವೆಂದು ಕನ್ನಡದಲ್ಲಿ ಹೇಳಬಹುದು. ಆರೋಗ್ಯವಂತರ ಕೆಂಪು ಕಣ ಸುಮಾರು 120 ದಿನ ಬಾಳುತ್ತದೆ. ಕುಡುಗೋಲಾದ ಕಣವಾದರೋ ಹತ್ತಿಪ್ಪತ್ತು ದಿನಗಳಲ್ಲಿ ಒಡೆದುಹೋಗುತ್ತದೆ, ರಕ್ತ ತೆಳುವಾಗುತ್ತದೆ. ಅದಕ್ಕಿಂತ ಕ್ರೂರವಾದುದು ನೋವು. ಬಾಗಿ ಬಿರುಸಾದ ಕಣಗಳು ಕೂದಲಿಗಿಂತ ಸಣ್ಣದಾದ ರಕ್ತನಾಳಗಳಲ್ಲಿ ಸಿಕ್ಕಿಕೊಂಡು ಮುಂದಿನ ಹರಿವನ್ನು ತಡೆಯುತ್ತವೆ. ಎಲುಬುಗಳಲ್ಲಿ, ಎದೆಯಲ್ಲಿ, ಹೊಟ್ಟೆಯಲ್ಲಿ ತಡೆಯಲಾರದ ಯಾತನೆ ಎದ್ದು ದಿನಗಟ್ಟಲೆ ನಿಲ್ಲುತ್ತದೆ. ಗುಲ್ಮವು ಬಾಲ್ಯದಲ್ಲಿಯೇ ಕೆಡುವುದರಿಂದ ಸಣ್ಣ ಸೋಂಕೂ ಪ್ರಾಣಕ್ಕೆ ಬರಬಹುದು. ಮಿದುಳಿನ ನಾಳ ಕಟ್ಟಿ, ಆಡುವ ಮಗುವಿಗೆ ಪಾರ್ಶ್ವವಾಯು ಬಡಿಯುವುದೂ ಉಂಟು.

ಹುಣಿಸೆಬೀಜದ ಲೆಕ್ಕ

ರೋಗ ಕುಟುಂಬಗಳಲ್ಲಿ ಹರಿದುಬರುತ್ತದೆ ಎಂಬುದು ಬೇಗನೆ ಗೊತ್ತಾಯಿತು. ಆದರೆ ಅದು ಬರುವ ರೀತಿಯೇ ಒಗಟಾಗಿತ್ತು. ರೋಗಿಯ ತಂದೆತಾಯಿಗಳು ಗಟ್ಟಿಮುಟ್ಟಾಗಿ ಗೇಯ್ದು ಉಣ್ಣುವವರು. ಅವರ ರಕ್ತವನ್ನು ಗಾಜಿನ ಮೇಲೆ ಗಾಳಿಯಾಡದಂತೆ ಇಟ್ಟರೆ ಮಾತ್ರ ಅದೂ ಕುಡುಗೋಲಾಗುತ್ತಿತ್ತು. ಹಾಗಾದರೆ ಒಂದೇ ಗುಣ ಒಬ್ಬರಲ್ಲಿ ಮಲಗಿರುವುದೇಕೆ, ಇನ್ನೊಬ್ಬರಲ್ಲಿ ಎದ್ದು ಕಾಡುವುದೇಕೆ?

ಉತ್ತರದ ಕೀಲಿಕೈ ಬಹಳ ಹಿಂದೆಯೇ ಸಿದ್ಧವಾಗಿತ್ತು. ಬ್ರನೋ ನಗರದ ಮಠವೊಂದರಲ್ಲಿದ್ದ ಗ್ರೆಗೊರ್ ಮೆಂಡೆಲನು ಬಟಾಣಿ ಗಿಡಗಳನ್ನು ಎಂಟು ವರ್ಷ ಬೆಳೆಸಿ, 1865ರಲ್ಲಿ ತಾನು ಕಂಡುದನ್ನು ಓದಿ ಹೇಳಿದ್ದನು. ದುಂಡು ಬೀಜದ ಬಟಾಣಿಗೂ ಸುಕ್ಕು ಬೀಜದ ಬಟಾಣಿಗೂ ಕೂಡಿಕೆ ಮಾಡಿದರೆ ಮೊದಲ ಪೀಳಿಗೆಯಲ್ಲಿ ಎಲ್ಲವೂ ದುಂಡು. ಸುಕ್ಕು ಅಳಿದೇಹೋದಂತೆ ಕಾಣುತ್ತದೆ. ಆ ಪೀಳಿಗೆಯಿಂದ ಮತ್ತೆ ಬೆಳೆ ತೆಗೆದರೆ ಅಡಗಿದ್ದ ಸುಕ್ಕು ಮರಳಿ ಬರುತ್ತದೆ. ಮೆಂಡೆಲನು ಬೀಜಗಳನ್ನು ಒಂದೊಂದಾಗಿ ಎಣಿಸಿದನು: ದುಂಡು 5474, ಸುಕ್ಕು 1850. ಮೂರಕ್ಕೆ ಒಂದು. ಪ್ರತಿಯೊಂದು ಗುಣಕ್ಕೂ ಪ್ರತಿ ಜೀವಿಯಲ್ಲಿ ಎರಡು ಪ್ರತಿಗಳು, ತಂದೆಯಿಂದೊಂದು ತಾಯಿಯಿಂದೊಂದು, ಇರುತ್ತವೆಯೆಂದೂ, ಸಂತಾನಕ್ಕೆ ಅವುಗಳಲ್ಲಿ ಒಂದು ಮಾತ್ರ ಹೋಗುತ್ತದೆಯೆಂದೂ ಅವನು ಊಹಿಸಿದನು. ನಾವು ಇಂದು ವಂಶವಾಹಿ ಅಥವಾ ಜೀನ್ ಎನ್ನುವುದು ಆ ಪ್ರತಿಗಳನ್ನೇ.

ಇದನ್ನು ತರಗತಿಯಲ್ಲಿ ವಿವರಿಸಲು ಬಟಾಣಿ ತೋಟ ಬೇಕಾಗಿಲ್ಲ. ಚೌಕಾಬಾರ ಆಡುವ ನಮ್ಮ ಮಕ್ಕಳು ಹುಣಿಸೆಬೀಜವನ್ನು ಕಲ್ಲಿಗೆ ಉಜ್ಜಿ ಒಂದು ಮಗ್ಗುಲನ್ನು ಬಿಳಿಯಾಗಿಸುವುದನ್ನು ಎಲ್ಲರೂ ಕಂಡಿದ್ದೇವೆ. ಅಂಥ ಎರಡು ಬೀಜಗಳನ್ನು ಕೈಯಲ್ಲಿ ಕುಲುಕಿ ಚೆಲ್ಲಿ. ಒಂದು ಬೀಜ ತಂದೆ, ಇನ್ನೊಂದು ತಾಯಿ. ಬಿಳಿ ಮಗ್ಗುಲು ವಾಡಿಕೆಯ ವಂಶವಾಹಿ, ಕಪ್ಪು ಮಗ್ಗುಲು ಕುಡುಗೋಲಿನದು. ನೂರು ಸಲ ಚೆಲ್ಲಿದರೆ ಸುಮಾರು ಇಪ್ಪತ್ತೈದು ಸಲ ಎರಡೂ ಬಿಳಿ, ಐವತ್ತು ಸಲ ಒಂದು ಬಿಳಿ ಒಂದು ಕಪ್ಪು, ಇಪ್ಪತ್ತೈದು ಸಲ ಎರಡೂ ಕಪ್ಪು. ಎರಡೂ ಕಪ್ಪಾದ ಮಗುವಿಗೆ ಮಾತ್ರ ರೋಗ. ಒಂದು ಕಪ್ಪಿನವರು ‘ವಾಹಕರು’. ಗುಣವನ್ನು ಹೊತ್ತಿರುತ್ತಾರೆ, ಸಾಮಾನ್ಯವಾಗಿ ಅದರಿಂದ ನರಳುವುದಿಲ್ಲ. ಮನುಷ್ಯರಲ್ಲಿ ಈ ಲೆಕ್ಕ ಹೀಗೆಯೇ ನಡೆಯುತ್ತದೆ ಎಂಬುದನ್ನು ಅಮೆರಿಕದ ಜೇಮ್ಸ್ ನೀಲ್ 1949ರಲ್ಲಿ ರೋಗಿಗಳ ತಂದೆತಾಯಿಗಳ ರಕ್ತವನ್ನು ಪರೀಕ್ಷಿಸಿ ಸ್ಥಿರಪಡಿಸಿದನು.

ಒಂದು ಮಾತನ್ನು ಮರೆಯಬಾರದು. ಬೀಜಕ್ಕೆ ಹಿಂದಿನ ಆಟದ ನೆನಪಿಲ್ಲ. ಮೊದಲ ಮಗುವಿಗೆ ರೋಗ ಬಂದರೆ ಮುಂದಿನ ಮೂವರಿಗೆ ಬಾರದೆಂಬ ಭರವಸೆಯಿಲ್ಲ. ಮೊದಲ ಇಬ್ಬರು ಆರೋಗ್ಯವಾಗಿದ್ದರೆ ಮೂರನೆಯದಕ್ಕೆ ಬಂದೇ ತೀರುವುದೆಂಬ ಶಾಪವೂ ಇಲ್ಲ. ಪ್ರತಿ ಬಸಿರಿಗೂ ಬೀಜಗಳು ಹೊಸದಾಗಿ ಬೀಳುತ್ತವೆ.

ಹಾಲು ಹಾಳಾದ ಬಗೆ

ಆ ಕಪ್ಪು ಮಗ್ಗುಲಿನಲ್ಲಿ ನಿಜವಾಗಿ ಇರುವುದೇನು? ರಕ್ತಕ್ಕೆ ಕೆಂಪು ಬಣ್ಣವನ್ನು ಕೊಡುವ, ಆಮ್ಲಜನಕವನ್ನು ಹೊತ್ತು ತಿರುಗುವ ವಸ್ತು ಹೀಮೋಗ್ಲೋಬಿನ್. 1949ರಲ್ಲಿಯೇ ಲೈನಸ್ ಪಾಲಿಂಗನೂ ಅವನ ಸಂಗಡಿಗರೂ ರೋಗಿಗಳ ಹೀಮೋಗ್ಲೋಬಿನನ್ನು ವಿದ್ಯುತ್ ಕ್ಷೇತ್ರದಲ್ಲಿ ಹರಿಯಬಿಟ್ಟು, ಅದು ಉಳಿದವರ ಹೀಮೋಗ್ಲೋಬಿನಿನಂತೆ ಚಲಿಸುವುದಿಲ್ಲವೆಂದು ತೋರಿಸಿದರು. ವಾಹಕರಲ್ಲಿ ಎರಡು ಬಗೆಯದೂ ಬೆರೆತು ಇತ್ತು. ಒಂದು ರೋಗದ ಬೇರು ಒಂದು ಅಣುವಿನ ರಚನೆಯಲ್ಲಿದೆ ಎಂದು ವೈದ್ಯಶಾಸ್ತ್ರ ಬೆರಳಿಟ್ಟು ತೋರಿಸಿದ್ದು ಅದೇ ಮೊದಲು.

ಕೇಂಬ್ರಿಜ್ಜಿನ ವರ್ನನ್ ಇನ್‌ಗ್ರಾಮ್ ಇನ್ನೂ ಮುಂದೆ ಹೋದನು. ಹೀಮೋಗ್ಲೋಬಿನ್ ಎಂಬುದು ಅಮೈನೋ ಆಮ್ಲಗಳೆಂಬ ಮಣಿಗಳನ್ನು ಪೋಣಿಸಿದ ಸರಗಳ ಕಟ್ಟು. ಅವನು ಆ ಸರಗಳನ್ನು ತುಂಡುತುಂಡಾಗಿ ಬಿಡಿಸಿ, ತುಂಡುಗಳನ್ನು ಕಾಗದದ ಮೇಲೆ ಹರಡಿ, ರೋಗಿಯದಕ್ಕೂ ಆರೋಗ್ಯವಂತನದಕ್ಕೂ ತಾಳೆ ನೋಡಿದನು. ಎಲ್ಲವೂ ಒಂದೇ, ಒಂದು ತುಂಡು ಮಾತ್ರ ಬೇರೆ. 1957ರ ಹೊತ್ತಿಗೆ ಭೇದ ಖಚಿತವಾಯಿತು. ‘ಬೀಟಾ’ ಎಂದು ಕರೆಯುವ ಸರದಲ್ಲಿ 146 ಮಣಿಗಳಿವೆ. ಅದರ ಆರನೆಯ ಮಣಿ ಗ್ಲುಟಾಮಿಕ್ ಆಮ್ಲವಾಗಿರಬೇಕಾದಲ್ಲಿ ವ್ಯಾಲೀನ್ ಬಂದು ಕುಳಿತಿದೆ. ಅಷ್ಟೆ. ಆ ಮಣಿಯ ಹಿಂದಿರುವ ಡಿ.ಎನ್.ಎ. ಲಿಪಿಯಲ್ಲಿ ‘ಜಿ-ಎ-ಜಿ’ ಎಂದಿರಬೇಕಾದುದು ‘ಜಿ-ಟಿ-ಜಿ’ ಎಂದಾಗಿದೆಯೆಂಬುದು ಮುಂದೆ ತಿಳಿದುಬಂದಿತು. ತಾಯಿಯಿಂದಾಗಲಿ ತಂದೆಯಿಂದಾಗಲಿ ನಮಗೆ ಬರುವ ಸುಮಾರು ಮುನ್ನೂರು ಕೋಟಿ ಅಕ್ಷರಗಳ ಗ್ರಂಥದಲ್ಲಿ ಒಂದೇ ಅಕ್ಷರದ ವ್ಯತ್ಯಾಸ!

ಓಲೆಗರಿಗಳನ್ನು ತಾಳೆನೋಡಿದವರಿಗೆ ಇದು ಅಪರಿಚಿತವಲ್ಲ. ಒಂದು ಪ್ರತಿಯಿಂದ ಇನ್ನೊಂದು ಪ್ರತಿಯನ್ನು ಎತ್ತುವಾಗ ಲಿಪಿಕಾರನ ಕಂಠ ಜಾರುತ್ತದೆ. ಅಲ್ಲಿಂದಾಚೆಗೆ ಆ ಪ್ರತಿಯಿಂದ ಹುಟ್ಟಿದ ಪ್ರತಿಗಳೆಲ್ಲ ಆ ಜಾರಿಕೆಯನ್ನೇ ಹೊತ್ತು ನಡೆಯುತ್ತವೆ. ಸಂಪಾದಕರು ಅದನ್ನು ಪಾಠಾಂತರವೆಂದು ಅಡಿಟಿಪ್ಪಣಿಯಲ್ಲಿ ಗುರುತಿಸುತ್ತಾರೆ. ವಂಶವಾಹಿಯ ಭೇದವೂ ಇಂಥ ಪಾಠಾಂತರವೇ. ಬಹುಪಾಲು ಪಾಠಾಂತರಗಳಿಂದ ಅರ್ಥ ಕೆಡುವುದಿಲ್ಲ. ಆದರೆ ನಮ್ಮ ಭಾಷೆಯಲ್ಲಿ ‘ಲ’ಕಾರ ‘ಳ’ಕಾರವಾದರೆ ಸಾಕು, ಹಾಲು ಹಾಳಾಗುತ್ತದೆ. ಆರನೆಯ ಮಣಿಯಲ್ಲಿ ಆದದ್ದೂ ಅದೇ. ಗ್ಲುಟಾಮಿಕ್ ಆಮ್ಲ ನೀರಿಗೆ ಒಗ್ಗುವಂಥದು. ವ್ಯಾಲೀನ್ ಎಣ್ಣೆಯಂತೆ ನೀರಿಗೆ ಒಲ್ಲದ್ದು. ಹೀಮೋಗ್ಲೋಬಿನ್ ತನ್ನ ಆಮ್ಲಜನಕದ ಹೊರೆಯನ್ನು ಇಳಿಸಿದೊಡನೆ ಈ ವ್ಯಾಲೀನ್ ಪಕ್ಕದ ಅಣುವಿನಲ್ಲಿರುವ ತಗ್ಗಿಗೆ ಹೋಗಿ ಅಂಟಿಕೊಳ್ಳುತ್ತದೆ. ಅದು ಮತ್ತೊಂದಕ್ಕೆ, ಅದು ಮಗುದೊಂದಕ್ಕೆ. ಹೀಗೆ ಹುರಿಗೊಂಡ ಹಗ್ಗಗಳು ಕಣವನ್ನು ಒಳಗಿನಿಂದಲೇ ಒತ್ತಿ ಬಾಗಿಸುತ್ತವೆ.

ಮೆಂಡೆಲನ ಸುಕ್ಕು ಬಟಾಣಿಯ ಮರ್ಮವೂ 1990ರಲ್ಲಿ ಬಯಲಾಯಿತು. ಅಲ್ಲಿ ಒಂದು ಅಕ್ಷರ ಬದಲಾದುದಲ್ಲ. ಪಿಷ್ಟವನ್ನು ಕಟ್ಟುವ ವಂಶವಾಹಿಯೊಂದರ ನಡುವೆ ಸುಮಾರು ಎಂಟುನೂರು ಅಕ್ಷರಗಳ ಪ್ರಕ್ಷಿಪ್ತ ಭಾಗ ಸೇರಿಹೋಗಿತ್ತು. ಅದರಿಂದ ಪಿಷ್ಟ ಸರಿಯಾಗಿ ಕವಲೊಡೆಯದೆ, ಬೀಜದಲ್ಲಿ ಸಕ್ಕರೆ ಉಳಿದು, ಅದು ನೀರನ್ನು ಹೆಚ್ಚು ಹೀರಿ, ಒಣಗುವಾಗ ಸುಕ್ಕಾಗುತ್ತದೆ. ಗ್ರಂಥದ ಪ್ರತಿಗಳಲ್ಲಿ ಅಕ್ಷರಪಲ್ಲಟ, ಲೋಪ, ಪ್ರಕ್ಷೇಪ ಎಂದು ಎಷ್ಟು ಬಗೆಯ ಭೇದಗಳುಂಟೋ ವಂಶವಾಹಿಯಲ್ಲಿಯೂ ಅಷ್ಟುಂಟು.

ರೋಗವೆ, ರಕ್ಷೆಯೆ?

ಇಷ್ಟಾದ ಮೇಲೆ “ಹಾಗಾದರೆ ಇದು ಅಪಪಾಠ, ತೆಗೆದುಹಾಕಬೇಕಾದದ್ದು” ಎಂದು ಓದುಗರು ನಿಶ್ಚಯಿಸಿದರೆ ತಪ್ಪೇನಿಲ್ಲ. ನಿಸರ್ಗವೇ ಅದನ್ನು ತೆಗೆದುಹಾಕಿರಬೇಕಾಗಿತ್ತು. ಔಷಧವಿಲ್ಲದ ಕಾಲದಲ್ಲಿ ಎರಡೂ ಕಪ್ಪಿನ ಮಕ್ಕಳು ಬಹುತೇಕ ಪ್ರಾಯಕ್ಕೆ ಬರುವ ಮುನ್ನವೇ ತೀರಿಕೊಳ್ಳುತ್ತಿದ್ದುವು. ಪ್ರತಿ ತಲೆಮಾರಿನಲ್ಲಿಯೂ ಹೀಗೆ ಸೋರಿಹೋಗುತ್ತಿದ್ದ ವಂಶವಾಹಿ ಇಷ್ಟು ಜನರಲ್ಲಿ ಉಳಿದದ್ದು ಹೇಗೆ?

ಕೀನ್ಯದಲ್ಲಿ ಬೆಳೆದು ಆಕ್ಸ್‌ಫರ್ಡಿನಲ್ಲಿ ಓದುತ್ತಿದ್ದ ಆಂಟನಿ ಆಲಿಸನ್ 1949ರಲ್ಲಿ ಕೀನ್ಯ ಪರ್ವತಕ್ಕೆ ಹೊರಟ ತಂಡವೊಂದರೊಡನೆ ಹೋಗಿ, ಅಲ್ಲಿನ ನಾನಾ ಪಂಗಡಗಳ ರಕ್ತವನ್ನು ಸಂಗ್ರಹಿಸಿದನು. ಕಡಲ ಕರೆಯಲ್ಲಿಯೂ ವಿಕ್ಟೋರಿಯಾ ಸರೋವರದ ಸುತ್ತಲೂ ನೂರಕ್ಕೆ ಇಪ್ಪತ್ತಕ್ಕೂ ಹೆಚ್ಚು ವಾಹಕರು. ನಡುವಣ ಎತ್ತರದ ತಂಪು ನಾಡಿನಲ್ಲಿ ಒಬ್ಬರೂ ಇಲ್ಲವೆನ್ನುವಷ್ಟು ಕಡಿಮೆ. ಕಡಲ ಕರೆಗೂ ಸರೋವರದ ದಂಡೆಗೂ ಸಮಾನವಾದುದೇನು? ಸೊಳ್ಳೆ, ಮತ್ತು ಸೊಳ್ಳೆ ತರುವ ಮಲೇರಿಯಾ. 1954ರಲ್ಲಿ ಆಲಿಸನ್ ತನ್ನ ನಿರ್ಣಯವನ್ನು ಪ್ರಕಟಿಸಿದನು. ಒಂದು ಕಪ್ಪು, ಒಂದು ಬಿಳಿ ಪ್ರತಿಯುಳ್ಳ ವಾಹಕರನ್ನು ಮಾರಕ ಮಲೇರಿಯಾ ಸುಲಭವಾಗಿ ಕೊಲ್ಲಲಾರದು. ಇತ್ತೀಚಿನ ಅಧ್ಯಯನಗಳ ಪ್ರಕಾರ ಉಗ್ರ ಮಲೇರಿಯಾದಿಂದ ಅವರಿಗೆ ನೂರಕ್ಕೆ ತೊಂಬತ್ತರಷ್ಟು ರಕ್ಷಣೆಯಿದೆ. ಒಂದು ಮಗು ಎರಡೂ ಕಪ್ಪಾಗಿ ಅಳಿದರೆ, ಅದರ ಒಡಹುಟ್ಟಿದವರಲ್ಲಿ ಹಲವರು ಒಂದೇ ಕಪ್ಪಿನಿಂದ ಉಳಿದುಕೊಂಡರು. ವಂಶವಾಹಿ ಉಳಿದ ಗುಟ್ಟು ಇದು.

ಈ ಬಗೆಯ ತರ್ಕವನ್ನು ಮೊದಲು ಮುಂದಿಟ್ಟವರಲ್ಲೊಬ್ಬನು ಜೆ.ಬಿ.ಎಸ್. ಹಾಲ್ಡೇನ್. ಮೆಡಿಟರೇನಿಯನ್ ತೀರದ ಥಲಸೀಮಿಯಾ ಎಂಬ ಇನ್ನೊಂದು ರಕ್ತರೋಗವನ್ನು ಕುರಿತು 1949ರಲ್ಲಿ ಅವನು ಇಂಥದೇ ಸೂಚನೆಯನ್ನು ಕೊಟ್ಟಿದ್ದನು. 1957ರಲ್ಲಿ ಭಾರತಕ್ಕೆ ಬಂದು, ಇಲ್ಲಿಯ ಪ್ರಜೆಯಾಗಿ, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡ ಹಾಲ್ಡೇನನನ್ನು ನಮ್ಮವನೆಂದೇ ಹೇಳಿಕೊಳ್ಳಬಹುದು.

ಈಗ ಮೆಂಡೆಲನ ಪ್ರಶ್ನೆಯನ್ನೇ ಮತ್ತೆ ಕೇಳೋಣ: ಈ ಎರಡರಲ್ಲಿ ಪ್ರಬಲವಾದುದು ಯಾವುದು? ಹಾಸಿಗೆ ಹಿಡಿದವರನ್ನು ನೋಡಿದರೆ ಬಿಳಿಯೇ ಪ್ರಬಲ; ಒಂದು ಬಿಳಿಯಿದ್ದರೆ ರೋಗವಿಲ್ಲ. ಪಾಲಿಂಗನ ವಿದ್ಯುತ್ ಕ್ಷೇತ್ರದಲ್ಲಿ ನೋಡಿದರೆ ಎರಡೂ ಸಮ. ವಾಹಕರಲ್ಲಿ ಎರಡು ಹೀಮೋಗ್ಲೋಬಿನೂ ಉಂಟು. ಸೊಳ್ಳೆಯ ನಾಡಿನಲ್ಲಿ ನೋಡಿದರೆ ಒಂದೊಂದಿರುವವರೇ ಎಲ್ಲರಿಗಿಂತ ಮೇಲು. ಗುಣ ಒಂದೇ, ನೋಡುವ ಎಡೆ ಬದಲಾದಂತೆ ಉತ್ತರ ಬದಲಾಗುತ್ತದೆ. ಮಲೇರಿಯಾ ಇಲ್ಲದ ನಾಡಿಗೆ ಹೋದ ವಾಹಕರಿಗೆ ಈ ರಕ್ಷೆಯಿಂದ ಪ್ರಯೋಜನವಿಲ್ಲ. ಅವರ ಮಕ್ಕಳಿಗೆ ರೋಗದ ಭಯ ಮಾತ್ರ ಉಳಿಯುತ್ತದೆ. ಚಿಕಾಗೋವಿಗೆ ಬಂದ ಆ ವಿದ್ಯಾರ್ಥಿಯ ಪೂರ್ವಿಕರನ್ನು ಆಫ್ರಿಕದಲ್ಲಿ ಕಾಪಾಡಿದ ಅಕ್ಷರವೇ ಅವನನ್ನು ಮೂವತ್ತೆರಡಕ್ಕೆ ಕೊಂದಿತು. ಸಂದರ್ಭವನ್ನು ನೋಡದೆ ಪಾಠವನ್ನು ಅಪಪಾಠವೆನ್ನಬಾರದೆಂದು ಒಳ್ಳೆಯ ಸಂಪಾದಕರು ಹೇಳುವುದು ಇದಕ್ಕೇ ಅಲ್ಲವೆ?

ನಮ್ಮ ಬೆಟ್ಟಗಳಲ್ಲಿ

ಇದು ಆಫ್ರಿಕದವರ ರೋಗವೆಂದೇ ಬಹುಕಾಲ ನಂಬಲಾಗಿತ್ತು. 1952ರಲ್ಲಿ ಹರ್ಮನ್ ಲೇಮನ್ ಮತ್ತು ಮೇರಿ ಕಟ್‌ಬುಷ್ ಎಂಬಿಬ್ಬರು ನೀಲಗಿರಿಯ ಗಿರಿಜನರ ರಕ್ತದಲ್ಲಿ ಕುಡುಗೋಲು ಗುಣವನ್ನು ಕಂಡರು. ಅನಂತರ ಮಧ್ಯಭಾರತದ ಆದಿವಾಸಿಗಳಲ್ಲಿ, ಗುಜರಾತು, ಮಹಾರಾಷ್ಟ್ರ, ಒಡಿಶಾಗಳಲ್ಲಿ ಇದು ವಿಶೇಷವಾಗಿ ಕಂಡುಬಂದಿತು. ನೀಲಗಿರಿಗೆ ಹೊಂದಿಕೊಂಡೇ ಇರುವ ನಮ್ಮ ಚಾಮರಾಜನಗರ, ಮೈಸೂರು, ಕೊಡಗು ಜಿಲ್ಲೆಗಳ ಕಾಡಂಚಿನ ಹಾಡಿ, ಪೋಡುಗಳಲ್ಲಿಯೂ ಈ ರೋಗದಿಂದ ನರಳುವ ಮಕ್ಕಳಿದ್ದಾರೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ನಡುವೆ ವೈದ್ಯರು ಇದರ ಪರೀಕ್ಷೆ, ಆರೈಕೆಗಳನ್ನು ನಡೆಸುತ್ತ ಬಂದಿದ್ದಾರೆ. ಕಾಡಿನಲ್ಲಿ ಮಲೇರಿಯಾ ಇದ್ದಲ್ಲಿ ಈ ರಕ್ಷೆಯೂ ಇತ್ತು. ರಕ್ಷೆಯ ಬೆಲೆಯೂ ಇತ್ತು.

ಇಲ್ಲಿ ಇನ್ನೊಂದು ವಿಶೇಷ. ಎರಡೂ ಕಪ್ಪು ಪ್ರತಿಗಳನ್ನು ಪಡೆದ ಎಲ್ಲರೂ ಒಂದೇ ಸಮನಾಗಿ ನರಳುವುದಿಲ್ಲ. ಗರ್ಭದಲ್ಲಿರುವ ಶಿಶು ಬೇರೊಂದು ಬಗೆಯ ಹೀಮೋಗ್ಲೋಬಿನನ್ನು ಬಳಸುತ್ತದೆ. ಅದರಲ್ಲಿ ಬೀಟಾ ಸರವೇ ಇಲ್ಲ. ಆದುದರಿಂದ ಹುಟ್ಟಿದ ಮೊದಲ ಕೆಲವು ತಿಂಗಳು ರೋಗ ತಲೆದೋರುವುದಿಲ್ಲ. ಆಮೇಲೆ ಗರ್ಭದ ಹೀಮೋಗ್ಲೋಬಿನ್ ಹಿಂದೆ ಸರಿದು ಬೀಟಾ ಸರ ಮುಂದೆ ಬರುತ್ತದೆ. ಆಗ ಯಾತನೆ ಪ್ರಾರಂಭ. ಕೆಲವರಲ್ಲಿ ಮಾತ್ರ, ಬೇರೆ ವಂಶವಾಹಿಗಳಲ್ಲಿರುವ ಬೇರೆ ಪಾಠಾಂತರಗಳ ದೆಸೆಯಿಂದ, ಗರ್ಭದ ಹೀಮೋಗ್ಲೋಬಿನ್ ದೊಡ್ಡವರಾದ ಮೇಲೂ ಸಾಕಷ್ಟು ಉಳಿದುಕೊಳ್ಳುತ್ತದೆ. ಅಂಥವರ ಕಣಗಳು ಬೇಗ ಬಾಗುವುದಿಲ್ಲ. ಭಾರತದ ಮತ್ತು ಅರಬ್ ನಾಡಿನ ಪೂರ್ವ ಭಾಗದ ರೋಗಿಗಳಲ್ಲಿ ಇದು ಹೆಚ್ಚಾಗಿರುವುದರಿಂದ ಅನೇಕರಲ್ಲಿ ರೋಗ ಸೌಮ್ಯವಾಗಿರುತ್ತದೆ, ಎಲ್ಲರಲ್ಲಿಯೂ ಅಲ್ಲ. ಒಂದು ವಂಶವಾಹಿ ಒಂಟಿಯಾಗಿ ನುಡಿಯುವುದಿಲ್ಲ, ಮೇಳದಲ್ಲಿ ನುಡಿಯುತ್ತದೆ.

ಒಂದೇ ಅಕ್ಷರದ ಈ ಕಥೆಯೇ ಇಷ್ಟು ಜಟಿಲವಾದರೆ ಉಳಿದ ಗುಣಗಳ ಪಾಡೇನು? ಮನುಷ್ಯನ ಎತ್ತರವನ್ನೇ ತೆಗೆದುಕೊಳ್ಳಿ. ಐವತ್ತು ಲಕ್ಷಕ್ಕೂ ಹೆಚ್ಚು ಜನರನ್ನು ಒಳಗೊಂಡು 2022ರಲ್ಲಿ ಪ್ರಕಟವಾದ ಅಧ್ಯಯನವೊಂದು ಎತ್ತರಕ್ಕೆ ಸಂಬಂಧಿಸಿದ ಸುಮಾರು ಹನ್ನೆರಡು ಸಾವಿರ ಪಾಠಾಂತರಗಳನ್ನು ಗುರುತಿಸಿತು. ಒಂದೊಂದರ ಕೊಡುಗೆ ಕೂದಲೆಳೆಯಷ್ಟು. ಅದರ ಮೇಲೆ ಬಾಲ್ಯದ ಊಟ, ಕಾಯಿಲೆಗಳ ಪ್ರಭಾವ ಬೇರೆ. ತೊಟ್ಟಿಲ ಬಳಿ ನಿಂತು ಮೂಗು ಸೋದರಮಾವನದು ಎಂದವರು ನೋಡಿದ್ದು ಸರಿಯಿರಬಹುದು. ಆದರೆ ಆ ಮೂಗು ಒಂದೇ ಗಂಟಿನಲ್ಲಿ ಬಂದ ಆಸ್ತಿಯಲ್ಲ.

ತಿಳಿದ ಮೇಲೆ

ಇನ್ನು ಕಡೆಯ ಪ್ರಶ್ನೆ. ಯಾರಲ್ಲಿ ಯಾವ ಪಾಠವಿದೆಯೆಂದು ತಿಳಿದ ಮೇಲೆ ನಾವು ಮಾಡುವುದೇನು? ಇದು ವಿಜ್ಞಾನದ ಪ್ರಶ್ನೆಯಲ್ಲ, ನಡತೆಯ ಪ್ರಶ್ನೆ. ಇದರಲ್ಲಿ ವಿಜ್ಞಾನಿಗಳೂ ಎಡವಿದ್ದಾರೆ. ರಸಾಯನಶಾಸ್ತ್ರಕ್ಕೂ ಶಾಂತಿಗೂ ನೊಬೆಲ್ ಬಹುಮಾನ ಪಡೆದ ಪಾಲಿಂಗನೇ 1968ರಲ್ಲಿ, ವಾಹಕರಾದ ಯುವಜನರ ಹಣೆಯ ಮೇಲೆ ಗುರುತಿನ ಹಚ್ಚೆಯನ್ನು ಹಾಕಬೇಕೆಂದು ಬರೆದನು. ಇಬ್ಬರು ವಾಹಕರು ತಿಳಿಯದೆ ಒಲಿಯದಿರಲಿ, ಮಕ್ಕಳ ಯಾತನೆ ತಪ್ಪಲಿ ಎಂಬುದು ಅವನ ಉದ್ದೇಶ. ಉದ್ದೇಶ ಕರುಣೆಯದು, ಉಪಾಯ ದನಕ್ಕೆ ಬರೆ ಹಾಕುವಂಥದು. ಹಚ್ಚೆ ಬರಲಿಲ್ಲವಾದರೂ ಅದರ ನೆರಳು ಬಂದಿತು. 1970ರ ದಶಕದ ಮೊದಲಲ್ಲಿ ಅಮೆರಿಕದ ಹಲವು ರಾಜ್ಯಗಳು ಕಪ್ಪು ಜನರಿಗೆ ಕಡ್ಡಾಯ ಪರೀಕ್ಷೆಯನ್ನು ವಿಧಿಸಿದಾಗ ವಾಹಕರನ್ನೂ ರೋಗಿಗಳನ್ನೂ ಒಂದೇ ತಕ್ಕಡಿಗೆ ಹಾಕಿ, ಆರೋಗ್ಯವಂತರಿಗೂ ಕೆಲಸ, ವಿಮೆಗಳನ್ನು ನಿರಾಕರಿಸಿದ ಉದಾಹರಣೆಗಳುಂಟು. ಅಲ್ಲಿನ ವಾಯುಸೇನಾ ಅಕಾಡೆಮಿಯ ಬಾಗಿಲು ವಾಹಕರಿಗೆ ತೆರೆದದ್ದು 1981ರಲ್ಲಿ.

ಗ್ರೀಸಿನ ಆರ್ಖೊಮೆನೋಸ್ ಎಂಬ ಊರಿನ ಪಾಠ ಇನ್ನೂ ಮನನೀಯ. ಅಲ್ಲಿ ನಾಲ್ವರಲ್ಲಿ ಒಬ್ಬರಿಗೆ ಸಮೀಪ ವಾಹಕರಿದ್ದರು. ಪರೀಕ್ಷೆ ಮಾಡಿ, ಯಾರು ವಾಹಕರೆಂದು ತಿಳಿಸಿ, ಇಬ್ಬರು ವಾಹಕರು ಮದುವೆಯಾಗಬೇಡಿರೆಂದು ವೈದ್ಯರು ಹೇಳಿಹೋದರು. ಕೆಲವು ವರ್ಷದ ಮೇಲೆ ಬಂದು ನೋಡಿದರೆ ಫಲ ವಿಪರೀತವಾಗಿತ್ತು. ವಾಹಕರಿಗೆ ಊರಿನಲ್ಲಿ ಕಳಂಕ ಹತ್ತಿತ್ತು, ಸಂಬಂಧಗಳು ಮುರಿದಿದ್ದುವು, ಅದಕ್ಕಂಜಿ ಗುಣವನ್ನು ಬಚ್ಚಿಟ್ಟುಕೊಂಡವರಿದ್ದರು. ವಾಹಕರು ವಾಹಕರನ್ನೇ ಮದುವೆಯಾಗುವುದು ಕಡಿಮೆಯಾಗಿರಲಿಲ್ಲ. 1974ರಲ್ಲಿ ಹೊರಬಂದ ಈ ವರದಿಯನ್ನು ಓದಿದವರಿಗೆ, ಬರಿಯ ಅರಿವು ಅವಮಾನದ ಜೊತೆಗೂಡಿದರೆ ಯಾರ ಕಣ್ಣೀರನ್ನೂ ಒರೆಸಲಾರದೆಂಬುದು ಮನದಟ್ಟಾಗುತ್ತದೆ. ಸೈಪ್ರಸ್ ದ್ವೀಪದವರು ಬೇರೆ ದಾರಿ ಹಿಡಿದರು. ಅಲ್ಲಿ ಥಲಸೀಮಿಯಾದ ಹಾವಳಿ. ಮದುವೆಗೆ ಮುನ್ನ ಪರೀಕ್ಷೆಯಾಗಿದೆ, ಸಲಹೆ ಪಡೆದಿದ್ದಾರೆ ಎಂಬ ಪತ್ರವನ್ನು ಇಗರ್ಜಿ ಕೇಳುತ್ತಿತ್ತು. ಪತ್ರದಲ್ಲಿ ಫಲಿತಾಂಶವನ್ನು ಬರೆಯುತ್ತಿರಲಿಲ್ಲ. ಅದು ಆ ಜೋಡಿಗೆ ಮಾತ್ರ ಗೊತ್ತು. ಇಬ್ಬರೂ ವಾಹಕರೆಂದು ತಿಳಿದ ಜೋಡಿಗಳಲ್ಲಿಯೂ ಬಹುಪಾಲು ಮಂದಿ ಮದುವೆಯಾದರು; ಗರ್ಭಕಾಲದ ಪರೀಕ್ಷೆಯ ನೆರವನ್ನು ಪಡೆದರು. ರೋಗದೊಡನೆ ಹುಟ್ಟುವ ಮಕ್ಕಳ ಸಂಖ್ಯೆ ತೀರ ಇಳಿದುಹೋಯಿತು.

ನಮ್ಮ ದೇಶದಲ್ಲಿ ಈ ರೋಗವನ್ನು 2047ರೊಳಗೆ ನಿರ್ಮೂಲ ಮಾಡಬೇಕೆಂಬ ರಾಷ್ಟ್ರೀಯ ಕಾರ್ಯಕ್ರಮವು 2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲಿನಲ್ಲಿ ಪ್ರಾರಂಭವಾಯಿತು. ನಲವತ್ತು ವರ್ಷದೊಳಗಿನ ಏಳು ಕೋಟಿ ಜನರ ಪರೀಕ್ಷೆ ಅದರ ಗುರಿ; ಕರ್ನಾಟಕವೂ ಅದರ ಹದಿನೇಳು ರಾಜ್ಯಗಳಲ್ಲೊಂದು. ಪರೀಕ್ಷೆಯಾದವರ ಕೈಗೆ ಅವರ ಸ್ಥಿತಿಯನ್ನು ತಿಳಿಸುವ ಕಾರ್ಡು ಬರುತ್ತದೆ. ಮದುವೆಗೆ ಮುನ್ನ ಜಾತಕದಂತೆ ಈ ಕಾರ್ಡನ್ನೂ ಕೂಡಿಸಿ ನೋಡಿರೆಂಬ ಮಾತು ಕೇಳಿಬರುತ್ತಿದೆ. ಮಾತು ಸದುದ್ದೇಶದ್ದೇ. ಆದರೆ ಜಾತಕದ ಹೆಸರಿನಲ್ಲಿ ನಾವು ಎಷ್ಟು ಹೆಣ್ಣುಮಕ್ಕಳನ್ನು ಮೂಲೆಗೆ ಕೂರಿಸಿದ್ದೇವೆ ಎಂಬುದನ್ನು ಬಲ್ಲವರಿಗೆ ಒಂದು ಅಳುಕು ಹುಟ್ಟದಿರದು. ಹುಡುಗಿಯ ಕಾರ್ಡಿನಲ್ಲಿ ‘ವಾಹಕ’ ಎಂದು ಕಂಡೊಡನೆ “ಆ ಮನೆಯ ರಕ್ತ ಸರಿಯಿಲ್ಲ” ಎಂದು ಎದ್ದುಹೋಗುವವರಿಗೆ ಯಾರು ಹೇಳಬೇಕು?

ಹೇಳಬೇಕಾದವರು ಊರಿನ ಉಪಾಧ್ಯಾಯರು, ದಾದಿಯರು, ಓದಿದ ಮಕ್ಕಳು. ಹೇಳುವುದಕ್ಕೆ ಎರಡು ಹುಣಿಸೆಬೀಜ ಸಾಕು. ಒಂದು ಬೀಜದ ಎರಡು ಮಗ್ಗುಲೂ ಬಿಳಿಯಾಗಿರಲಿ. ಅದರೊಡನೆ ಕಪ್ಪು-ಬಿಳಿ ಬೀಜವನ್ನು ಸಾವಿರ ಸಲ ಚೆಲ್ಲಿದರೂ ಎರಡೂ ಕಪ್ಪು ಬೀಳಲಾರದು. ಎಂದರೆ, ವಾಹಕಳಾದ ಹುಡುಗಿಯನ್ನು ಈ ಬಗೆಯ ದೋಷವಿಲ್ಲದ ಹುಡುಗನು ಮದುವೆಯಾದರೆ ಅವರ ಮಕ್ಕಳಿಗೆ ಈ ರೋಗ ಬರುವುದಿಲ್ಲ. ಹುಡುಗನಲ್ಲಿ ಕುಡುಗೋಲು ಗುಣವಾಗಲಿ, ಥಲಸೀಮಿಯಾದಂಥ ಬೇರೆ ಬೀಟಾ ದೋಷವಾಗಲಿ ಇದ್ದಾಗ ಮಾತ್ರ ವೈದ್ಯರ ಸಲಹೆ ಬೇಕು. ಆಗಲೂ ನಿರ್ಧಾರ ಆ ಇಬ್ಬರದು. ಕಾರ್ಡು ಒಬ್ಬರ ಬೆಲೆಯನ್ನು ಹೇಳುವುದಿಲ್ಲ. ಇಬ್ಬರು ಕೂಡಿದಾಗಿನ ಸಂಭವವನ್ನು ಹೇಳುತ್ತದೆ. ಹೆಣ್ಣಿನದನ್ನು ಮಾತ್ರ ನೋಡಿ ಗಂಡಿನದನ್ನು ನೋಡದೆ ಬಿಟ್ಟರೆ ಅದು ಏನನ್ನೂ ಹೇಳುವುದಿಲ್ಲ.

ಈಗಾಗಲೇ ನರಳುತ್ತಿರುವವರಿಗೂ ದಾರಿಗಳಿವೆ. ಗರ್ಭದ ಹೀಮೋಗ್ಲೋಬಿನನ್ನು ಮರಳಿ ಹೆಚ್ಚಿಸುವ ಹೈಡ್ರಾಕ್ಸಿಯೂರಿಯಾ ಎಂಬ ಸಾಮಾನ್ಯ ಬೆಲೆಯ ಗುಳಿಗೆ ನೋವಿನ ಸರದಿಗಳನ್ನು ಕಡಿಮೆ ಮಾಡುತ್ತದೆ. ಗರ್ಭದ ಹೀಮೋಗ್ಲೋಬಿನನ್ನು ಹಿಂದಕ್ಕೆ ಸರಿಸುವ ವಂಶವಾಹಿಯನ್ನೇ ಗುರುತಿಸಿ, ರೋಗಿಯ ಅಸ್ಥಿಮಜ್ಜೆಯ ಮೂಲಕಣಗಳಲ್ಲಿ ಅದನ್ನು ಅಡಗಿಸುವ ಚಿಕಿತ್ಸೆಗೆ 2023ರ ನವೆಂಬರಿನಲ್ಲಿ ಬ್ರಿಟನ್ನೂ ಡಿಸೆಂಬರಿನಲ್ಲಿ ಅಮೆರಿಕವೂ ಒಪ್ಪಿಗೆ ಕೊಟ್ಟುವು. ಕೆಟ್ಟ ಅಕ್ಷರವನ್ನು ಅದು ತಿದ್ದುವುದಿಲ್ಲ. ಮಗುವಾಗಿದ್ದಾಗ ಓದುತ್ತಿದ್ದ ಹಳೆಯ ಪುಟವನ್ನು ಮತ್ತೆ ತೆರೆಯುತ್ತದೆ. ಅಮೆರಿಕದಲ್ಲಿ ಅದಕ್ಕೆ ನಿಗದಿಯಾದ ಬೆಲೆ 22 ಲಕ್ಷ ಡಾಲರು. ಕಾಡಂಚಿನ ಪೋಡಿಗೆ ಅದು ಎಂದು ಬಂದೀತೋ. ಗುಳಿಗೆಯಂತೂ ಇಂದೇ ತಪ್ಪದೆ ಬರಬೇಕು.

ಕನ್ನಡದಲ್ಲಿ ‘ಗುಣ’ ಎಂಬ ಮಾತಿಗೆ ಎರಡರ್ಥವುಂಟು. ಹುಟ್ಟಿನಿಂದ ಬಂದುದೂ ಗುಣ. ಕಾಯಿಲೆ ವಾಸಿಯಾದರೆ “ಗುಣವಾಯಿತು” ಎನ್ನುವುದೂ ಅದೇ ಮಾತಿನಿಂದ. ಹುಟ್ಟುಗುಣ ಸುಟ್ಟರೂ ಹೋಗದೆಂದ ಹಿರಿಯರ ಮಾತು ಅಕ್ಷರದ ಮಟ್ಟಿಗೆ ಇಂದೂ ಬಹುಪಾಲು ನಿಜವೇ. ಆದರೆ ಆ ಅಕ್ಷರದಿಂದ ಒಂದು ಮಗುವಿನ ಬಾಳು ಏನಾಗುತ್ತದೆಂಬುದು ಅಕ್ಷರದ ಕೈಯಲ್ಲಿ ಮಾತ್ರ ಇಲ್ಲ. ಜೊತೆಗಿರುವ ಬೇರೆ ಅಕ್ಷರಗಳು, ಹುಟ್ಟಿದ ನಾಡು, ಹೊತ್ತಿಗೆ ಸಿಕ್ಕ ಔಷಧಿ, ನೆರೆಹೊರೆಯವರ ನಾಲಗೆ, ಇವೆಲ್ಲವೂ ಅದರಲ್ಲಿ ಪಾಲುದಾರರು. ಇವುಗಳಲ್ಲಿ ಕಡೆಯ ಎರಡು ನಮ್ಮ ಕೈಯಲ್ಲಿವೆ.